ಮೂಡಬಿದಿರೆಗೆ ಹೊರಟವರ ಪ್ರಶ್ನೆಗಳು

ಈ ಸಲ ಕೊಡಗಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕರಾವಳಿಯ ಜೈನ ಬಸದಿಗಳ ಊರು ಮೂಡಬಿದಿರೆಯದ್ದೇ ಜಾಸ್ತಿ. ಕಾಫಿ ಕುಯ್ಲು ಮುಗಿದ ಮೇಲೆ ಘಟ್ಟ ಇಳಿಯುವ ಆಸೆ ಎಲ್ಲರಿಗೂ ಒಟ್ಟಿಗೇ ಬಂದ ಹಾಗಿದೆ. ಹಾಗಾಗಿ ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಮಡಿಕೇರಿಯಿಂದ ಬೆಳಗ್ಗೆ ಕಾರಿನಲ್ಲಿ ಹೊರಟು ಧರ್ಮಸ್ಥಳ, ವೇಣೂರು, ಮೂಡಬಿದಿರೆ, ಕಾರ್ಕಳ ನೋಡಿ ರಾತ್ರಿ ವಾಪಸ್ ಬರುವ ಯೋಚನೆ. ಜೊತೆಗೆ ಇಬ್ಬರು ಮಕ್ಕಳು, ಮಂಡಿನೋವಿನ ಅಮ್ಮ. ಆಗುತ್ತದಾ? (ಮೂರ್ನಾಡಿನ ಓದುಗರು)

ಉತ್ತರ: ಲೆಕ್ಕದಲ್ಲಿ ಆಗುತ್ತದೆ. ಆದರೆ ನಿಮ್ಮ ಅಮ್ಮ ನಾಲ್ಕೂ ಊರಲ್ಲಿ ಕಾರಿನಲ್ಲೇ ಕೂತಿರುತ್ತಾರೆ, ಮಕ್ಕಳು ಸಂಪಾಜೆ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿರುತ್ತಾರೆ. ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ ದಾಟಿ ಬಿ.ಸಿ.ರೋಡಿಗೆ ಬಂದು, ಅಲ್ಲಿಂದ ಸಿದ್ದಕಟ್ಟೆ ಮೇಲೆ ಮೂಡಬಿದಿರೆ ಸೇರಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಹೋಗಿ ಬರುವುದಕ್ಕೇ ಎಂಟು ಗಂಟೆ ಆಯ್ತಲ್ಲ, ಇನ್ನು ನೋಡುವುದು ಯಾವಾಗ?

ನನ್ನ ಮಾತು ಕೇಳುವುದಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಧರ್ಮಸ್ಥಳವನ್ನು ಇನ್ನೊಂದು ಸಲಕ್ಕೆ ಬಿಡಿ. ಮೂಡಬಿದಿರೆಗೆ ಒಂದು ಪೂರ್ತಿ ಬೆಳಗ್ಗೆ ಕೊಡಿ. ಸಾವಿರ ಕಂಬದ ಬಸದಿಯೊಂದನ್ನೇ ನೋಡಿ ಕಾರು ತಿರುಗಿಸುವವರೇ ಜಾಸ್ತಿ, ಅಲ್ಲಿ ಇರುವುದು ಹದಿನೆಂಟು ಬಸದಿ! ಎಲ್ಲವನ್ನೂ ನೋಡಲೇಬೇಕು ಅಂತಲ್ಲ. ಜೈನ ಪೇಟೆಯ ಬೀದಿಯಲ್ಲಿ ಸುಮ್ನೆ ನಡೆದರೆ ಮೂರು ನಾಲ್ಕು ತಾನಾಗೇ ಸಿಗುತ್ತವೆ, ಲೆಪ್ಪದ ಬಸದಿಯನ್ನು ಮಾತ್ರ ಕೇಳಿಕೊಂಡು ಹೋಗಿ, ಅಲ್ಲಿನ ಚಂದ್ರನಾಥ ಸ್ವಾಮಿಯ ವಿಗ್ರಹ ಮಣ್ಣಿನದು.

ಸಾವಿರ ಕಂಬದ ಬಸದಿ ಕಟ್ಟಿದ್ದು 1430ರ ಹೊತ್ತಿಗೆ. ಮೂರು ಅಂತಸ್ತು, ಕೆಳಗೆ ಕಲ್ಲು, ಮೇಲೆ ಮರ, ಇಳಿಜಾರು ಮಾಡು. ಇಳಿಜಾರು ಯಾಕೆ ಅಂತ ಮಳೆ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಕಂಬ ಎಣಿಸಲು ಹೋಗಬೇಡಿ, ಒಂದೊಂದರ ಕೆತ್ತನೆ ನೋಡಿ, ಒಂದರಂತೆ ಇನ್ನೊಂದಿಲ್ಲ ಅನ್ನುವುದು ಅಲ್ಲಿನವರ ಹೆಮ್ಮೆ. ಮಕ್ಕಳಿಗೆ ಒಂದು ಕೆಲಸ ಕೊಡಿ: ಮುಂದಿನ ಭೈರಾದೇವಿ ಮಂಟಪದ ಅಡಿಪಾಯದ ಪಟ್ಟಿಯಲ್ಲಿ ಒಂದು ಜಿರಾಫೆಯೂ ಒಂದು ಚೀನಾ ಡ್ರ್ಯಾಗನ್ನೂ ಇವೆ, ಹುಡುಕಲಿ. ನಮ್ಮ ಕರಾವಳಿಯಲ್ಲಿ ಜಿರಾಫೆ ಎಲ್ಲಿಂದ ಬಂತು ಅಂತ ಅವರೇ ಕೇಳುತ್ತಾರೆ, ಆಗ ಹಳೇ ಬಂದರುಗಳು, ಅರಬರ ಮತ್ತು ಚೀನಾದ ಹಡಗು ವ್ಯಾಪಾರ ಎಲ್ಲ ಹೇಳಬಹುದು. ಅರ್ಧ ಗಂಟೆ ಅವರು ಮೊಬೈಲ್ ಕೇಳುವುದಿಲ್ಲ.

ಬಿಸಿಲೇರುವ ಮೊದಲೇ ಇದೆಲ್ಲ ಮುಗಿಸಿ. ಬರಿಗಾಲಲ್ಲಿ ನಡೆಯಬೇಕು, ಮಧ್ಯಾಹ್ನ ಅಂಗಳದ ಕಲ್ಲು ಸುಡುತ್ತದೆ, ಮಡಿಕೇರಿ ಚಳಿಗೆ ಒಗ್ಗಿದ ಕಾಲಿಗಂತೂ ಕಷ್ಟ.

ಅಮ್ಮನ ಮಂಡಿಯ ವಿಷಯ: ಕಾರ್ಕಳದ ಗೊಮ್ಮಟ (1432, ಎತ್ತರ 42 ಅಡಿ) ಇರುವುದು ಬಂಡೆಗುಡ್ಡದ ಮೇಲೆ, ಮೆಟ್ಟಿಲು ಹತ್ತಬೇಕು. ವೇಣೂರಿನ ಗೊಮ್ಮಟ (1604) ಫಲ್ಗುಣಿ ನದಿಯ ಪಕ್ಕ, ಸಮತಟ್ಟು ನೆಲದಲ್ಲೇ ನಿಂತಿದ್ದಾನೆ. ಎರಡೂ ಊರು ಮೂಡಬಿದಿರೆಯಿಂದ ಸುಮಾರು 20 ಕಿ.ಮೀ. ಹಾಗಾಗಿ ನೀವು ವೇಣೂರನ್ನೇ ಆರಿಸಿ.

ಪ್ರಶ್ನೆ: ನಾವು ಕೊಡವರು, ಮಾಂಸ ತಿನ್ನುವವರು. ಜೈನರಲ್ಲದವರನ್ನು ಬಸದಿಯೊಳಗೆ ಬಿಡುತ್ತಾರಾ? ಏನಾದರೂ ತಪ್ಪಾದರೆ ಅಂತ ಮನೆಯವರಿಗೆ ಹೆದರಿಕೆ. (ವಿರಾಜಪೇಟೆ)

ಉತ್ತರ: ಬಿಡುತ್ತಾರೆ, ಹೆದರಬೇಡಿ. ನೀವು ಮನೆಯಲ್ಲಿ ಏನು ತಿನ್ನುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಆದರೆ ಬಸದಿಗೆ ಹೋಗುವ ದಿನ ಬೆಳಗ್ಗೆ ಮಾಂಸ ಬೇಡ, ಹಿಂದಿನ ರಾತ್ರಿ ಉಳಿದ ಪಂದಿಕರಿ, ಕಡಂಬಿಟ್ಟು ಬುತ್ತಿ ಕಟ್ಟಿಕೊಂಡು ಹೋಗಿ ಬಸದಿ ಬೀದಿಯಲ್ಲಿ ಕಾರಿನ ಬಾಗಿಲು ತೆಗೆದು ಬಿಚ್ಚುವುದಂತೂ ಬೇಡವೇ ಬೇಡ. ಚಪ್ಪಲಿ ಹೊರಗೆ. ಚರ್ಮದ ಬೆಲ್ಟ್, ಪರ್ಸು ಕಾರಿನಲ್ಲೇ ಇಟ್ಟರೆ ಒಳ್ಳೆಯದು. ಚಡ್ಡಿ ಹಾಕಿಕೊಂಡು ಹೋಗಬೇಡಿ. ಫೋಟೋ ತೆಗೆಯುವ ಮೊದಲು ಅಲ್ಲಿದ್ದವರನ್ನು ಒಂದು ಮಾತು ಕೇಳಿ. ಇಷ್ಟೇ.

ಪ್ರಶ್ನೆ: ಧವಳಾ ಗ್ರಂಥದ ತಾಳೆಗರಿ ಮೂಡಬಿದಿರೆಯಲ್ಲಿದೆ ಅಂತ ಓದಿದ್ದೇನೆ. ಹೋದವರಿಗೆ ತೋರಿಸುತ್ತಾರಾ? (ಕುಶಾಲನಗರದ ನಿವೃತ್ತ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ಗುರು ಬಸದಿಗೆ ಹೋಗಿ. ಸಿದ್ಧಾಂತ ಬಸದಿ ಅಂತಲೂ ಕರೆಯುತ್ತಾರೆ. ದಿಗಂಬರ ಜೈನರ ಹಳೇ ಆಗಮ ಗ್ರಂಥ ಷಟ್ಖಂಡಾಗಮಕ್ಕೆ 9ನೇ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ಧವಳಾ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ, ಆದರೆ ಲಿಪಿ ಹಳಗನ್ನಡದ್ದು. ದಿಗಂಬರರಿಗೆ ಇದಕ್ಕಿಂತ ದೊಡ್ಡ ಗ್ರಂಥವಿಲ್ಲ, ಅದರ ಹಳೇ ಪ್ರತಿ ಉಳಿದಿದ್ದು ಈ ಒಂದು ಊರಿನಲ್ಲಿ. ಶತಮಾನಗಳ ಕಾಲ ಪೂಜೆಗೆ ಮಾತ್ರ ಇಟ್ಟಿದ್ದರು, ಓದಲು ಹೊರಗೆ ಕೊಡುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ನಕಲು ಮಾಡಿಸುವ ಕೆಲಸ ಶುರುವಾಯಿತು, 1939ರಿಂದ ಅಚ್ಚಾಗತೊಡಗಿತು.

ಹಾಗಾಗಿ ಬಾಗಿಲಿಗೆ ಹೋಗಿ ತೋರಿಸಿ ಅಂದರೆ ಆಗುವ ಕೆಲಸ ಅಲ್ಲ. ಮೊದಲೇ ಜೈನ ಮಠದಲ್ಲಿ ವಿಚಾರಿಸಿ. ತಾಳೆಗರಿ ಅಂದರೆ ಪ್ರೀತಿ ಇರುವವರು ಮಠಕ್ಕೆ ಸೇರಿದ ರಮಾರಾಣಿ ಶೋಧ ಸಂಸ್ಥಾನದ ಬಗ್ಗೆಯೂ ಕೇಳಿ, ಅಲ್ಲಿ ದೊಡ್ಡ ಸಂಗ್ರಹವಿದೆ. ಇನ್ನೊಂದು ಮಾತು. ಗುರು ಬಸದಿಯಿಂದ 2013ರಲ್ಲಿ ಹಳೇ ವಿಗ್ರಹಗಳು ಕಳವಾಗಿದ್ದವು, ಆದ್ದರಿಂದ ಯಾರಾದರೂ ಎಲ್ಲಿಂದ ಬಂದಿರಿ, ಏನು ಬೇಕು ಅಂತ ನಾಲ್ಕು ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಮೂಡಬಿದಿರೆಗೆ ಹೋದವರು ಆ ಸೀಮೆ ಆಳಿದ ಜೈನ ಅರಸು ಮನೆತನ ಚೌಟರ ಅರಮನೆಯನ್ನೂ ನೋಡಿ. ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆ, ಐವರು ಸೇರಿ ಕುದುರೆ ಆಗಿರುವ ಕೆತ್ತನೆ ಇದೆ. ಅದು ಮನೆತನದವರ ಮನೆ, ಕೇಳಿಕೊಂಡೇ ಒಳಗೆ ಕಾಲಿಡಿ.

ಪ್ರಶ್ನೆ: ಜೈನ ಬಸದಿ ನೋಡಲು ಘಟ್ಟ ಇಳಿಯಲೇಬೇಕಾ? ನಮ್ಮ ಜಿಲ್ಲೆಯಲ್ಲೇ ಇದೆಯಲ್ವಾ? (ಶನಿವಾರಸಂತೆ)

ಉತ್ತರ: ಇದೆ, ಅದೂ ನಿಮ್ಮ ಪಕ್ಕದಲ್ಲೇ, ಮುಳ್ಳೂರಿನಲ್ಲಿ! ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ, ಮೂರು ಬಸದಿಗಳು ಒಂದೇ ಕಡೆ. 11ನೇ ಶತಮಾನದ ಕೊಂಗಾಳ್ವ ಅರಸರ ಕಾಲದವು. 1058ರ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವನ ಹೆಸರಿದೆ, ಅವನ ತಾಯಿ ಪೋಚಬ್ಬರಸಿಯ ಹೆಸರೂ ಗುರು ಗುಣಸೇನ ಪಂಡಿತರ ಹೆಸರೂ ಆ ಊರಿನ ಶಾಸನಗಳಲ್ಲಿ ಬರುತ್ತವೆ. ಅಂದರೆ ಸಾವಿರ ಕಂಬದ ಬಸದಿಗಿಂತ ಮುನ್ನೂರೈವತ್ತು ವರ್ಷಕ್ಕೂ ಹಳೆಯದು. ಕೊಡಗಿನವರೇ ಎಷ್ಟೋ ಜನ ಇದನ್ನು ನೋಡಿಲ್ಲ, ಕೇಳಿದರೆ ಅಬ್ಬಿ ಫಾಲ್ಸ್, ರಾಜಾಸೀಟು ಅನ್ನುತ್ತಾರೆ. ಆದರೆ ಮುಳ್ಳೂರು ನೋಡಿದರೆ ಮೂಡಬಿದಿರೆ ಬೇಡ ಅಂತ ನಾನು ಹೇಳಲಾರೆ. ಇಲ್ಲಿ ಇರುವುದು ಸ್ಮಾರಕ. ಅಲ್ಲಿ ಬಸದಿಯ ಸುತ್ತ ಮಠ, ಪೇಟೆ, ಜೈನರ ಮನೆಗಳು, ದಿನವೂ ಪೂಜೆ, ಒಂದು ಊರೇ ಇದೆ. ಮೊದಲು ಮುಳ್ಳೂರು ನೋಡಿ, ಆಮೇಲೆ ಇಳಿಯಿರಿ.

ಪ್ರಶ್ನೆ: ಕಾರಿಲ್ಲ. ಬಸ್ಸಿನಲ್ಲಿ ಹೋಗಬಹುದಾ? ಜುಲೈನಲ್ಲಿ ರಜೆ ಸಿಗುತ್ತದೆ. (ಸುಂಟಿಕೊಪ್ಪ)

ಉತ್ತರ: ಬಸ್ಸು ಸರಿ, ಜುಲೈ ಬೇಡ. ಕರಾವಳಿಯ ಮಳೆ ನಮ್ಮ ಮಳೆಗೆ ಕಡಿಮೆಯೇನಲ್ಲ, ಮೇಲಾಗಿ 2018ರಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಕುಸಿದು ರಸ್ತೆ ಏನಾಯಿತು ಅಂತ ನಿಮಗೇ ಗೊತ್ತು. ಡಿಸೆಂಬರ್, ಜನವರಿಯಲ್ಲಿ ರಜೆ ಕೇಳಿ ನೋಡಿ. ಮಡಿಕೇರಿಯಿಂದ ಮಂಗಳೂರು ಬಸ್ ಹತ್ತಿ ಬಿ.ಸಿ.ರೋಡಿನಲ್ಲಿ ಇಳಿದರೆ ಅಲ್ಲಿಂದ ಮೂಡಬಿದಿರೆಗೆ ಪ್ರೈವೇಟ್ ಬಸ್ಸುಗಳಿವೆ. ವಾಪಸ್ ಬರುವಾಗ ಬಿ.ಸಿ.ರೋಡಿನಲ್ಲೇ ಹತ್ತಬಹುದು, ಆದರೆ ಘಟ್ಟದುದ್ದಕ್ಕೂ ನಿಂತು ಬರಲು ಇಷ್ಟವಿಲ್ಲದಿದ್ದರೆ ಮಂಗಳೂರಿಗೇ ಹೋಗಿ ಸೀಟು ಹಿಡಿಯಿರಿ.