ಕಲಾವಿದರೂ ವಿಜ್ಞಾನಿಗಳೂ ಮಾತಾಡಿ ಎದ್ದು ಹೋಗುತ್ತಾರೆ, ಒಟ್ಟಿಗೆ ಕೆಲಸಕ್ಕೆ ಕೂರುವಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇದು: ಸಂಸ್ಥೆಯಲ್ಲಿ ಕಲಾವಿದರನ್ನೂ ವಿಜ್ಞಾನಿಗಳನ್ನೂ ಕರೆದು ಎರಡು ಸಭೆ ನಡೆಸಿದ್ದೀರಿ. ಮಾತುಕತೆ ಸೊಗಸಾಗಿಯೇ ಆಯಿತು, ಆಮೇಲೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಕೈಯಲ್ಲಿ ಆರು ತಿಂಗಳಿದೆ, ಹಣ ಹೆಚ್ಚಿಲ್ಲ, ಕೊನೆಗೊಂದು ಪ್ರದರ್ಶನ ಆಗಬೇಕು.

ಎಡವಟ್ಟು ಇರುವುದು ಸಭೆಯ ಸ್ವರೂಪದಲ್ಲೇ. ಸ್ಲೈಡ್ ಹಾಕಿ ಪರಿಚಯ ಮಾಡಿಕೊಳ್ಳಿ ಎಂದರೆ ಇಬ್ಬರೂ ತಮ್ಮ ಮುಗಿದ ಕೆಲಸವನ್ನೇ ತೋರಿಸುತ್ತಾರೆ. ಮುಗಿದ ಕೆಲಸದಲ್ಲಿ ಇನ್ನೊಬ್ಬರು ಕೈಯಿಡಲು ಜಾಗವಿರುವುದಿಲ್ಲ. ಚೆನ್ನಾಗಿದೆ ಎಂದು ಹೇಳಿ ಎದ್ದು ಹೋಗುವುದೊಂದೇ ಉಳಿಯುವುದು. ಆದ್ದರಿಂದ ಮುಂದಿನ ಸಲ ಸ್ಲೈಡ್ ಬೇಡವೇ ಬೇಡ. ಪ್ರತಿಯೊಬ್ಬರೂ ಅರ್ಧಕ್ಕೆ ನಿಂತಿರುವ, ಅಥವಾ ಇನ್ನೂ ಅರ್ಥವಾಗದ ಒಂದು ವಸ್ತು ತರಲಿ: ಕೈಕೊಟ್ಟ ಪ್ರಯೋಗದ ಚಿತ್ರ, ಬಿರುಕು ಬಿಟ್ಟ ಅಚ್ಚು, ವಿವರಣೆ ಸಿಗದ ಗ್ರಾಫ್. ಒಬ್ಬರಿಗೆ ಹತ್ತು ನಿಮಿಷ. ಅದರಲ್ಲಿ ಹೇಳುವುದಕ್ಕೆ ನಾಲ್ಕು, ಉಳಿದವರು ಕೇಳುವುದಕ್ಕೆ ಆರು. ಹತ್ತು ಜನರಿಗಿಂತ ಹೆಚ್ಚು ಬೇಡ.

ಅದೇ ದಿನ ಎಲ್ಲರ ಕೈಗೂ ಒಂದು ಕೆಲಸ ಕೊಡಿ. ನಾನು ಸೂಚಿಸುವುದು ಕ್ರೋಶಾ, ಅಂದರೆ ಕೊಕ್ಕೆಸೂಜಿಯ ಹೆಣಿಗೆ. ಹೈಪರ್ಬೋಲಿಕ್ ಸಮತಲವನ್ನು (ಎಲ್ಲ ಬಿಂದುಗಳಲ್ಲೂ ಕುದುರೆಯ ಜೀನಿನಂತೆ ಒಂದೇ ಸಮ ಬಾಗಿದ ಮೇಲ್ಮೈ) ಕ್ರೋಶಾದಲ್ಲಿ ಹೆಣೆಯಬಹುದೆಂದು ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತೋರಿಸಿದರು. ಮೊದಲು 20 ಸರಪಳಿ ಹೊಲಿಗೆ ಹಾಕಿ. ಮೇಲಿನ ಪ್ರತಿ ಸಾಲಿನಲ್ಲೂ ಐದನೆಯ ಹೊಲಿಗೆ ಬಂದಾಗಲೆಲ್ಲ ಒಂದರ ಜಾಗದಲ್ಲಿ ಎರಡು ಹಾಕುತ್ತ ಹೋಗಿ. ಆರನೆಯ ಸಾಲಿಗೆ ಸುಮಾರು 60 ಹೊಲಿಗೆ ಆಗುತ್ತದೆ, ಹತ್ತನೆಯದಕ್ಕೆ 120 ದಾಟುತ್ತದೆ, ಅಂಚು ತಾನಾಗಿಯೇ ನೆರಿಗೆಗಟ್ಟುತ್ತದೆ. ಮೆತ್ತನೆಯ ಉಣ್ಣೆ ದಾರವಾದರೆ ಜೋತುಬೀಳುತ್ತದೆ, ಬಿಗಿಯಾದ ಅಕ್ರಿಲಿಕ್ ದಾರ ಆಕಾರ ಹಿಡಿದು ನಿಲ್ಲುತ್ತದೆ. ಕೆಲವರು ಅಂದಕ್ಕೆಂದು ಮನಸ್ಸು ಬಂದಲ್ಲಿ ಹೊಲಿಗೆ ಹೆಚ್ಚಿಸುತ್ತಾರೆ. ಆಗ ವಕ್ರತೆ ಎಲ್ಲ ಕಡೆ ಒಂದೇ ಆಗಿರದೆ ಮಾದರಿ ಕೆಡುತ್ತದೆ. ಹೆಣೆದಾದ ಮೇಲೆ ಮಡಿಚಿ ಒಂದು ನೇರ ಗೆರೆ ಮಾಡಿ, ಅದರ ಉದ್ದಕ್ಕೂ ಬಣ್ಣದ ದಾರ ಹೊಲಿಯಿರಿ. ಗೆರೆಯ ಹೊರಗಿನ ಒಂದು ಬಿಂದುವಿನ ಮೂಲಕ ಮತ್ತೆ ಮತ್ತೆ ಬೇರೆ ಬೇರೆ ಕಡೆ ಮಡಿಚಿ ನೋಡಿ. ಮೊದಲ ಗೆರೆಯನ್ನು ಎಂದೂ ಮುಟ್ಟದ ಹಲವು ಗೆರೆಗಳು ಸಿಗುತ್ತವೆ. ಶಾಲೆಯಲ್ಲಿ ಕಲಿತ ಸಮಾಂತರ ರೇಖೆಯ ನಿಯಮ ಅಲ್ಲಿ ಕೈಯಲ್ಲೇ ಮುರಿಯುತ್ತದೆ. ಹೆಣಿಗೆ ಬಲ್ಲವರು ಗಣಿತ ಬಲ್ಲವರಿಗೆ ಕಲಿಸುತ್ತಾರೆ, ಅರ್ಧ ಗಂಟೆಯಲ್ಲಿ ಪಾತ್ರ ಅದಲುಬದಲಾಗುತ್ತದೆ. ಯಾರು ಯಾರ ಜೊತೆ ತಾಳ್ಮೆಯಿಂದ ಕೂರುತ್ತಾರೆ ಎಂಬುದನ್ನು ನೀವು ಗಮನಿಸಬೇಕಾದದ್ದು ಆಗಲೇ.

ಇನ್ನು ಜೋಡಿ ಕಟ್ಟುವುದು. ಇಬ್ಬರಿಂದಲೂ ಒಂದೊಂದು ಪುಟ ಬರೆಸಿಕೊಳ್ಳಿ. ವಿಜ್ಞಾನಿಗೆ ಕೇಳಬೇಕಾದದ್ದು: ನಿಮ್ಮಲ್ಲಿ ಬಳಕೆಯಾಗದೆ ಬಿದ್ದಿರುವ ದತ್ತಾಂಶ ಯಾವುದು, ಕಣ್ಣಿಗೆ ಅಥವಾ ಕಿವಿಗೆ ನಿಲುಕದಿರುವುದರಿಂದ ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿದೆ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ. ಕಲಾವಿದರಿಗೆ: ಯಾವ ಮಾಧ್ಯಮದಲ್ಲಿ ಕೈ ಪಳಗಿದೆ, ಆ ಮಾಧ್ಯಮ ಯಾವುದಕ್ಕೆ ಒಗ್ಗುತ್ತಿಲ್ಲ, ಯಾವ ಉಪಕರಣ ಮುಟ್ಟಿ ನೋಡುವ ಆಸೆಯಿದೆ. ಯೋಜನಾ ಪ್ರಸ್ತಾವ ಕೇಳಬೇಡಿ. ಜೊತೆಗಾರ ಸಿಗುವ ಮೊದಲೇ ಪ್ರಸ್ತಾವ ಬರೆದರೆ ಆ ಜೊತೆಗಾರ ಬರೀ ಕೆಲಸದಾಳಾಗುತ್ತಾನೆ. ಆರು ತಿಂಗಳಿಗೆ ನಾಲ್ಕು ಜೋಡಿ ಸಾಕು.

ಒಳ್ಳೆಯ ಜೋಡಿಯ ಗುರುತು ಯಾವುದು? ಒಬ್ಬರ ಹಟ ಇನ್ನೊಬ್ಬರಿಗೆ ನಿಜವಾದ ಸಮಸ್ಯೆಯಾಗಬೇಕು. 1970ರ ಒಸಾಕಾ ವಿಶ್ವಪ್ರದರ್ಶನದಲ್ಲಿ ಪೆಪ್ಸಿ ಮಂಟಪವನ್ನು ಮಂಜಿನಲ್ಲಿ ಮುಚ್ಚುವ ಕೆಲಸ ಕಲಾವಿದೆ ಫುಜಿಕೊ ನಕಾಯಾ ಅವರದು. ಜನ ಒಳಹೊಕ್ಕು ನಡೆದಾಡಬಹುದಾದ, ಬರೀ ನೀರಿನದೇ ಮಂಜು ಬೇಕು, ರಾಸಾಯನಿಕ ಬೇಡ ಎಂದು ಆಕೆ ಪಟ್ಟು ಹಿಡಿದರು. ಮೋಡಗಳ ಭೌತವಿಜ್ಞಾನ ಬಲ್ಲ ಥಾಮಸ್ ಮೀ ಆ ಹಟಕ್ಕೆ ಉತ್ತರ ಹುಡುಕಬೇಕಾಯಿತು. ಹೆಚ್ಚಿನ ಒತ್ತಡದಲ್ಲಿ ಅತಿ ಸಣ್ಣ ರಂಧ್ರದಿಂದ ನೀರು ಹೊರಚಿಮ್ಮಿ, ಎದುರಿನ ಸೂಜಿಮೊನೆಗೆ ಬಡಿದು, ಗಾಳಿಯಲ್ಲಿ ತೇಲುವಷ್ಟು ಸಣ್ಣ ಹನಿಗಳಾಗಿ ಒಡೆಯುವ ನಳಿಕೆ ತಯಾರಾಯಿತು. ನಕಾಯಾ ಜಗತ್ತಿನ ಹಲವೆಡೆ ಮಂಜಿನ ಶಿಲ್ಪ ಮಾಡುತ್ತ ಹೋದರು. ಮೀ ಅವರ ಮಂಜಿನ ವ್ಯವಸ್ಥೆ ಕಲೆಯ ಆಚೆಗೂ ವಾತಾವರಣ ತಂಪು ಮಾಡುವ ಕೆಲಸಕ್ಕೆ ಬಂತು. ಆ ಮಂಟಪದ ಹಿಂದೆ ಇದ್ದದ್ದು ಈ.ಎ.ಟಿ. (ಎಕ್ಸ್‌ಪೆರಿಮೆಂಟ್ಸ್ ಇನ್ ಆರ್ಟ್ ಅಂಡ್ ಟೆಕ್ನಾಲಜಿ) ಎಂಬ ಗುಂಪು. ಎಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ ಇನ್ನಿಬ್ಬರ ಜೊತೆ ಸೇರಿ ಕಟ್ಟಿದ್ದು. ದೊಡ್ಡ ಸಭೆಗಳಿಗಿಂತ, ಒಬ್ಬ ಕಲಾವಿದರಿಗೆ ಒಬ್ಬ ಎಂಜಿನಿಯರನ್ನು ಹುಡುಕಿಕೊಡುವ ಅವರ ಕ್ರಮವನ್ನೇ ನೀವು ಅನುಸರಿಸಬೇಕು.

ಆರು ತಿಂಗಳನ್ನು ಹೀಗೆ ಹಂಚಬಹುದು. ಮೊದಲ ಎರಡು ವಾರ ಒಬ್ಬರ ಜಾಗದಲ್ಲಿ ಇನ್ನೊಬ್ಬರು, ಕನಿಷ್ಠ ಎರಡೆರಡು ಪೂರ್ತಿ ದಿನ. ಕಲಾವಿದರು ಲ್ಯಾಬಿಗೆ ಹೋದರೆ ಸಾಲದು, ವಿಜ್ಞಾನಿಯೂ ಸ್ಟುಡಿಯೋಗೆ ಬರಲೇಬೇಕು. ಇದನ್ನು ಬಿಟ್ಟರೆ ಸಂಬಂಧ ಮೊದಲ ದಿನವೇ ಓರೆಯಾಗುತ್ತದೆ. ಲ್ಯಾಬಿನ ಸುರಕ್ಷತಾ ತರಬೇತಿ, ಒಳಹೋಗುವ ಅನುಮತಿ ಮುಂಚೆಯೇ ಮುಗಿದಿರಲಿ. ಅದಕ್ಕೇ ಮೂರು ವಾರ ಹೋದ ಯೋಜನೆಗಳಿವೆ. ಮುಂದಿನ ಆರು ವಾರ ಏನನ್ನೂ ತೋರಿಸಬೇಕಿಲ್ಲ, ವಾರಕ್ಕೊಮ್ಮೆ ಒಟ್ಟಿಗೆ ಮೂರು ಗಂಟೆ ಕೂತು ಏನಾದರೂ ಮಾಡಿದರೆ ಸಾಕು. ಎಂಟನೆಯ ವಾರದ ಕೊನೆಗೆ ಒಂದು ಮಾತುಕತೆ: ಮುಂದುವರಿಯೋಣವೋ ಬೇಡವೋ. ಬೇಡ ಎಂದವರ ಸಂಭಾವನೆ ಕಡಿತವಾಗಬಾರದು, ಅದನ್ನು ಶುರುವಿನಲ್ಲೇ ಹೇಳಿಬಿಡಿ. ಉಳಿದ ಜೋಡಿಗಳಿಗೆ ಹತ್ತು ವಾರ ತಯಾರಿ, ಕೊನೆಯ ಆರೇಳು ವಾರ ಪ್ರದರ್ಶನದ ಜೋಡಣೆ ಮತ್ತು ರಿಪೇರಿ. ರಿಪೇರಿಗೆ ವಾರಗಟ್ಟಲೆ ಯಾಕೆ ಎನ್ನಬೇಡಿ, ಲ್ಯಾಬಿನ ಮೇಜಿನ ಮೇಲೆ ಒಂದು ಗಂಟೆ ಓಡುವ ಉಪಕರಣ ಪ್ರದರ್ಶನದಲ್ಲಿ ದಿನಕ್ಕೆ ಎಂಟು ಗಂಟೆ ಓಡಬೇಕು.

ಒಂದೆರಡು ಪುಟದ ಒಪ್ಪಂದ ಮೊದಲೇ ಬರೆದು ಸಹಿ ಹಾಕಿಸಿ. ಕಲಾಕೃತಿ ಯಾರದು, ದತ್ತಾಂಶ ಯಾರದು, ಹೆಸರುಗಳು ಯಾವ ಕ್ರಮದಲ್ಲಿ, ಪ್ರದರ್ಶನ ಮುಗಿದ ಮೇಲೆ ವಸ್ತು ಎಲ್ಲಿಗೆ ಹೋಗುತ್ತದೆ, ಎಲ್ಲವೂ ಅದರಲ್ಲಿರಲಿ. ಸಂಶೋಧನಾ ಲೇಖನ ಪ್ರಕಟವಾಗುವ ತನಕ ಆ ಚಿತ್ರಗಳನ್ನು ಹೊರಗೆ ತೋರಿಸುವಂತಿಲ್ಲ ಎಂದಾದರೆ ತಾರೀಖು ಸಮೇತ ಬರೆಯಿರಿ. ಬಹಳ ಜಗಳ ತಪ್ಪಿಸುವ ಷರತ್ತು ಇದು: ವಾಸ್ತವಾಂಶ ತಪ್ಪಿದ್ದರೆ ವಿಜ್ಞಾನಿ ಏಳು ದಿನದೊಳಗೆ ಹೇಳಬೇಕು, ಕಲಾವಿದರು ಅದನ್ನು ತಿದ್ದಬೇಕು. ಅರ್ಥ, ಧಾಟಿ, ರುಚಿಯ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ತಿದ್ದಿಸುವ ಹಕ್ಕಿಲ್ಲ, ತಮ್ಮ ಹೆಸರು ಹಿಂದೆಗೆದುಕೊಳ್ಳುವ ಹಕ್ಕು ಮಾತ್ರ ಇಬ್ಬರಿಗೂ ಇರುತ್ತದೆ.

ಇನ್ನು ಕೆಲಸದಲ್ಲೇ ಎದುರಾಗುವ ತೊಡಕುಗಳು. ದತ್ತಾಂಶವನ್ನು ಧ್ವನಿಯಾಗಿಸುವ ಯೋಜನೆ ಒಂದಾದರೂ ಇರುತ್ತದೆ. ಹವಾಮಾನದ ಕಡತಗಳಲ್ಲಿ ಅಳತೆ ಸಿಗದ ದಿನಕ್ಕೆ -999 ಅಥವಾ -9999 ಎಂದು ತುಂಬುವ ರೂಢಿಯುಂಟು. ಅದು ಗೊತ್ತಿಲ್ಲದೆ ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗಿನ ಸಂಖ್ಯೆಗಳನ್ನು ಸ್ವರಗಳಿಗೆ ಹೊಂದಿಸಿದರೆ, 15ರಿಂದ 35 ಡಿಗ್ರಿವರೆಗಿನ ನಿಜವಾದ ಏರಿಳಿತವೆಲ್ಲ ಒಂದೇ ಸ್ವರದಂತೆ ಕೇಳಿ, ನಡುನಡುವೆ ಪಾತಾಳಕ್ಕೆ ಬಿದ್ದಂಥ ಸದ್ದು ಬರುತ್ತದೆ. ಕಡತ ಕೊಡುವಾಗಲೇ ಅರ್ಧ ಪುಟದ ಟಿಪ್ಪಣಿ ಜೊತೆಗಿರಲಿ: ಪ್ರತಿ ಕಾಲಂ ಏನು, ಯಾವ ಮಾನ, ಖಾಲಿಯನ್ನು ಹೇಗೆ ಗುರುತಿಸಿದೆ, ಯಾವುದನ್ನು ಬದಲಿಸಿದರೆ ಅರ್ಥ ಕೆಡುತ್ತದೆ, ಯಾವುದು ಕಲಾವಿದರ ಇಷ್ಟ. ಸೂಕ್ಷ್ಮದರ್ಶಕದ ಚಿತ್ರಗಳಿಗೂ ಇದೇ ಮಾತು. ಎಷ್ಟೋ ಚಿತ್ರಗಳು ಮೂಲದಲ್ಲಿ ಬೂದು ಬಣ್ಣದವು, ಬಣ್ಣ ಆಮೇಲೆ ಹಾಕಿದ್ದು. ಅಂಥಲ್ಲಿ ಬಣ್ಣ ಬದಲಿಸಬಹುದು, ಅಳತೆಪಟ್ಟಿಯನ್ನು ಬಿಟ್ಟು ಚಿತ್ರ ಹಿಗ್ಗಿಸುವಂತಿಲ್ಲ.

ಜೀವಂತ ವಸ್ತು ಪ್ರದರ್ಶಿಸುವುದಾದರೆ ರೋಗಕಾರಕವಲ್ಲದ ಪ್ರಯೋಗಾಲಯದ ತಳಿಗಳನ್ನು ಮಾತ್ರ ಬಳಸಿ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಲಿಖಿತ ಒಪ್ಪಿಗೆ ಪಡೆಯಿರಿ, ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಅಂಚಿಗೆ ಸುತ್ತಲೂ ಪ್ಯಾರಾಫಿಲ್ಮ್ (ಎಳೆದರೆ ಹಿಗ್ಗಿ ಅಂಟಿಕೊಳ್ಳುವ ಮೇಣದಂಥ ಹಾಳೆ) ಸುತ್ತಿ. ಬಿಸಿ ದೀಪ ಹತ್ತಿರವಿದ್ದರೆ ಮುಚ್ಚಳದ ಒಳಗೆ ನೀರಹನಿ ಕಟ್ಟಿ ಬ್ಯಾಕ್ಟೀರಿಯಾದ ಚಿತ್ತಾರ ಕದಡಿಹೋಗುತ್ತದೆ, ಬ್ಯಾಕ್ಟೀರಿಯಾ ಬೆಳೆಯುವ ಲೋಳೆಯಾದ ಅಗಾರ್ ದಿನಗಳೆದಂತೆ ಒಣಗಿ ಬಿರಿಯುತ್ತದೆ. ತಂಪಾದ ಎಲ್ಇಡಿ ಬೆಳಕು, ವಾರಕ್ಕೊಮ್ಮೆ ಹೊಸ ತಟ್ಟೆ, ಹಳೆಯದನ್ನು ಲ್ಯಾಬಿಗೇ ಒಯ್ದು ಆಟೋಕ್ಲೇವ್ ಮಾಡುವುದು (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು), ಇದಿಷ್ಟಕ್ಕೂ ಒಬ್ಬರ ಹೆಸರು ಬರೆದಿಡಿ.

ಹಣ ಕಡಿಮೆ ಎಂದಿದ್ದೀರಿ. ಹಾಗಿದ್ದರೆ ಜೋಡಿಗಳನ್ನು ಎರಡಕ್ಕೆ ಇಳಿಸಿ, ಕಲಾವಿದರ ಸಂಭಾವನೆಯನ್ನು ಇಳಿಸಬೇಡಿ. ವಿಜ್ಞಾನಿಗೆ ತಿಂಗಳ ಸಂಬಳ ಬರುತ್ತಿರುತ್ತದೆ, ಕಲಾವಿದರಿಗೆ ಆ ದಿನದ ದುಡಿಮೆಯೇ ಆಧಾರ. ವಿಜ್ಞಾನಿಗೆ ಬೇಕಾದದ್ದು ಸಮಯ: ವಾರಕ್ಕೆ ನಾಲ್ಕು ಗಂಟೆ ಇದಕ್ಕೆ ಎಂದು ವಿಭಾಗದ ಮುಖ್ಯಸ್ಥರಿಂದ ಕಾಗದ ತಂದುಕೊಡಿ. ಒಟ್ಟು ಮೊತ್ತದ ಅರ್ಧ ಸಂಭಾವನೆಗೆ, ಕಾಲು ಭಾಗ ಸಾಮಗ್ರಿಗೆ, ಉಳಿದದ್ದರಲ್ಲಿ ತಂತ್ರಜ್ಞರಿಗೂ ದಾಖಲಾತಿಗೂ ತೆಗೆದಿಟ್ಟು, ಒಟ್ಟಿನ ಹತ್ತನೇ ಒಂದರಷ್ಟನ್ನು ಮುಟ್ಟದೆ ಬಿಡಿ. ಲ್ಯಾಬ್ ತಂತ್ರಜ್ಞರನ್ನು ಮರೆಯಬೇಡಿ. ಯಂತ್ರ ಯಾವಾಗ ಖಾಲಿ, ಯಾವ ವಸ್ತು ಅದರೊಳಗೆ ಹೋಗಬಾರದು ಎಂಬುದು ಅವರಿಗೇ ಗೊತ್ತು. ಕೊನೆಗೆ ಗೋಡೆಯ ಫಲಕದ ಮೇಲೆ ಅವರ ಹೆಸರೂ ಬರಬೇಕು.

ನಡುವೆ ನಿಲ್ಲುವ ಒಬ್ಬರು ಬೇಕು, ಅದು ನೀವೇ. ವಾರಕ್ಕೊಮ್ಮೆ ಇಬ್ಬರಿಗೂ ಬೇರೆಬೇರೆಯಾಗಿ ಹದಿನೈದು ನಿಮಿಷ ಫೋನ್ ಮಾಡಿ. ಕಲಾವಿದರು ಲ್ಯಾಬಿನ ಪೋಸ್ಟರ್ ಬರೆಯುವವರಾಗಿಬಿಟ್ಟಿದ್ದಾರೆಯೇ, ವಿಜ್ಞಾನಿ ಬಿಟ್ಟಿ ಸಲಹೆಗಾರರಾಗಿದ್ದಾರೆಯೇ ಎಂಬುದು ಆ ಫೋನಿನಲ್ಲಿ ತಿಳಿಯುತ್ತದೆ, ಒಟ್ಟಿಗೆ ಕೂತಾಗ ಯಾರೂ ಬಾಯಿಬಿಡುವುದಿಲ್ಲ.

ಪ್ರದರ್ಶನಕ್ಕೆ ಏನೂ ಬಾರದ ಜೋಡಿಯನ್ನು ಸೋತದ್ದೆಂದು ಲೆಕ್ಕದಿಂದ ಬಿಡಬೇಡಿ. ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯ 1967ರಿಂದ 1971ರವರೆಗೆ ಕಲಾವಿದರನ್ನು ಕಂಪನಿಗಳಿಗೆ ಜೋಡಿಸಿತು. ಜೇಮ್ಸ್ ಟರೆಲ್, ರಾಬರ್ಟ್ ಇರ್ವಿನ್ ಎಂಬ ಕಲಾವಿದರು ಮನೋವಿಜ್ಞಾನಿ ಎಡ್ ವರ್ಟ್ಜ್ ಜೊತೆ ಸದ್ದೇ ಇಲ್ಲದ ಕೋಣೆಯಲ್ಲಿ ಗ್ರಹಿಕೆಯ ಪ್ರಯೋಗಗಳನ್ನು ನಡೆಸಿದರು. ಅಲ್ಲಿಂದ ಪ್ರದರ್ಶನಕ್ಕೆ ಕೃತಿಯೊಂದೂ ಬರಲಿಲ್ಲ. ಟರೆಲ್ ಮುಂದೆ ಬದುಕಿಡೀ ಮಾಡಿದ ಬೆಳಕಿನ ಕೆಲಸದಲ್ಲಿ ಅದೇ ಗ್ರಹಿಕೆಯ ಪ್ರಶ್ನೆಗಳಿವೆ. ಸಂಗ್ರಹಾಲಯ 1971ರಲ್ಲಿ ಹೊರತಂದ ವರದಿಯಲ್ಲಿ ಕೂಡಿಬಾರದ ಜೋಡಿಗಳನ್ನೂ ಯಾಕೆ ಕೂಡಿಬರಲಿಲ್ಲ ಎಂಬುದರ ಜೊತೆ ದಾಖಲಿಸಿದೆ. ನೀವೂ ಪ್ರತಿ ಜೋಡಿಯಿಂದ ತಿಂಗಳಿಗೊಂದು ಪುಟ ಬರೆಸಿಕೊಳ್ಳಿ, ಪ್ರದರ್ಶನದ ಜಾಗದಲ್ಲಿ ಒಂದು ಮೇಜು ಹಾಕಿ ಆ ಪುಟಗಳನ್ನೂ ಇಡಿ.