ಸೈಕಲ್ ಪ್ರವಾಸದಲ್ಲಿ ಬೆರಳು ಜೋಮು ಹಿಡಿದರೆ

ಹಾಳು ಕೋಟೆಗಳನ್ನು ನೋಡುತ್ತ ಒಬ್ಬರೇ ಸೈಕಲ್‌ನಲ್ಲಿ ಹೊರಟಿದ್ದೀರಿ, ದಾರಿಯಲ್ಲಿ ಬೆರಳು ಜೋಮು ಹಿಡಿಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕಿರುಬೆರಳು, ಉಂಗುರ ಬೆರಳು ಎರಡೇ ಜೋಮು ಹಿಡಿಯುತ್ತಿವೆ ಅಂದರೆ ಅಂಗೈ ಬುಡದಲ್ಲಿ ಹಾದು ಈ ಬೆರಳುಗಳಿಗೆ ಹೋಗುವ ಅಲ್ನಾರ್ ನರ ಹ್ಯಾಂಡಲ್‌ಗೆ ಒತ್ತಿಕೊಳ್ಳುತ್ತಿರಬೇಕು. ಹಾಳು ಕೋಟೆಗಳ ಕಲ್ಲುಹಾಸಿನ ಮೇಲೆ ಜಾಸ್ತಿ ಆಗುತ್ತದೆ ಅಂದಿದ್ದೀರಿ, ಅದೂ ಇದಕ್ಕೇ ಹೊಂದುತ್ತದೆ. ಆದರೂ ಸೈಕಲ್ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಸೀಟು ನೋಡಿ. ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಮಟ್ಟ ಮಾಡಿ. ಸಾಲದಿದ್ದರೆ ಹ್ಯಾಂಡಲ್ ಸ್ವಲ್ಪ ಏರಿಸಿ. ಆಮೇಲೆ ಕಲ್ಲುಹಾಸಿನ ಕುಲುಕಾಟ ಕೈಗೆ ಕಡಿಮೆ ತಟ್ಟುವಂತೆ ಟೈರಿನ ಗಾಳಿ ಕೊಂಚ ಇಳಿಸಿ. ಟೈರಿನ ಪಕ್ಕದಲ್ಲಿ ಬರೆದ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಬೇಡ, ಸಾಮಾನು ಹೇರಿದಾಗ ಟ್ಯೂಬು ಕಲ್ಲಿನ ಅಂಚಿಗೆ ಸಿಕ್ಕಿ ಒಡೆಯುತ್ತದೆ. ಮಣಿಕಟ್ಟು ನೆಟ್ಟಗಿರಲಿ, ಹಿಡಿತ ಆಗಾಗ ಬದಲಿಸಿ. ಸುಮ್ನೆ ದಪ್ಪ ಗ್ಲೌಸ್ ಹಾಕಿದರೆ ಸಾಲದು.

ಬೆರಳು ಅಗಲಿಸಲು ಬಲ ಸಾಲದಿದ್ದರೆ ಮುಂದಿನ ಊರಲ್ಲೇ ನಿಂತು ಡಾಕ್ಟರಿಗೆ ತೋರಿಸಿ. ಒಬ್ಬರೇ ಹೊರಟಿದ್ದೀರಿ, ಬ್ರೇಕ್ ಹಿಡಿಯಲು ಆ ಕೈ ಬೇಕು ಅಲ್ವಾ.