ಕುಕ್ಕರ್ ತಾ, ರೆಕಾರ್ಡಿಂಗೂ ತಾ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಸೆಪ್ಟೆಂಬರ್‌ನಲ್ಲಿ ಓದಲು ಹಾಸನದಿಂದ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ಗೆ ಬರುತ್ತಿದ್ದೀಯ. ರಾತ್ರಿ ಕೂತು ಲ್ಯಾಪ್‌ಟಾಪ್‌ನಲ್ಲಿ ಬೀಟ್ಸ್ ಮಾಡುವ ಹುಚ್ಚು ಬೇರೆ. "ಅಣ್ಣಾ, ಎಸ್ಟೋನಿಯಾದಲ್ಲಿ ದೊಡ್ಡ ಕಂಪನಿ ಸಹವಾಸ ಇಲ್ಲದೆ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡೋರ ಹೊಸ ಆಲ್ಬಮ್ ಎಲ್ಲಿ ಸಿಗುತ್ತೆ? ಅವರ ಜೊತೆ ಸೇರ್ಕೋಬಹುದಾ? ಚಳಿ ತಡ್ಕೋಬಹುದಾ? ಕುಕ್ಕರ್ ತರ್ಲಾ?" ಅಂತ ಕೇಳಿದ್ದೀಯ.

ಕುಕ್ಕರ್ ತಾ. ಇಂಡಕ್ಷನ್ ಒಲೆಗೆ ಆಗುವಂಥದ್ದೇ ತಾ, ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೋ. ಚಳಿ ಒಳ್ಳೆ ಜಾಕೆಟ್ ಇದ್ದರೆ ತಡೆಯುತ್ತದೆ. ಕಷ್ಟ ಇರುವುದು ಕತ್ತಲೆಯದು. ಡಿಸೆಂಬರ್‌ನಲ್ಲಿ ಹಗಲು ಸುಮಾರು 6 ಗಂಟೆ ಅಷ್ಟೆ. ಕತ್ತಲಲ್ಲಿ ನಡೆಯುವವರು ಬಟ್ಟೆಗೆ ಹೊಳೆಯುವ ಬಿಲ್ಲೆ ಸಿಕ್ಕಿಸಿಕೊಳ್ಳಬೇಕು, ಅದಕ್ಕೆ ಕಾನೂನೇ ಇದೆ. ಟ್ಯಾಲಿನ್ ವಿಳಾಸ ನೋಂದಾಯಿಸಿದರೆ ಊರೊಳಗಿನ ಬಸ್ಸು, ಟ್ರಾಮು ಪುಕ್ಕಟೆ. ಮಿಕ್ಕಿದ್ದನ್ನು ಯೂನಿವರ್ಸಿಟಿಯವರೇ ಹೇಳುತ್ತಾರೆ.

ಈಗ ಮ್ಯೂಸಿಕ್ ವಿಷಯ. ಇಲ್ಲಿನ ಒಂದು ಟ್ರ್ಯಾಕ್ ಆದರೂ ನೀನು ಕೇಳಿರುತ್ತೀಯ. ಗೇಮಿಂಗ್ ವಿಡಿಯೋಗಳ ಹಿಂದೆಲ್ಲ ಓಡುತ್ತಿತ್ತಲ್ಲ, 2015ರ 'ಆನ್ ಅಂಡ್ ಆನ್', ಅದು ಕಾರ್ಟೂನ್ ಅನ್ನುವ ಎಸ್ಟೋನಿಯಾದ ತಂಡದ್ದು. ಹಾಡಿದ ಡೇನಿಯಲ್ ಲೆವಿ ಕೂಡ ಇಲ್ಲಿಯವನೇ. ಆದರೆ ನೀನು ಕೇಳುತ್ತಿರುವುದು ಅಂಥ ದೊಡ್ಡ ಹಿಟ್ ಅಲ್ಲ ಅಂತ ಗೊತ್ತು.

ನಾನು ಬಂದ ಹೊಸತರಲ್ಲಿ ಟೆಲ್ಲಿಸ್ಕಿವಿಗೆ ಒಂದು ಶೋಗೆ ಹೋಗಿದ್ದೆ. ಬಾಲ್ಟಿ ಯಾಮ್ ರೈಲು ನಿಲ್ದಾಣದ ಪಕ್ಕ ಹಳೇ ಕಾರ್ಖಾನೆಗಳ ಜಾಗ, ಈಗ ಬರೀ ಸ್ಟುಡಿಯೋ, ಅಂಗಡಿ, ಬಾರು. ಒಬ್ಬ ಹುಡುಗ ಮೇಜಿನ ತುಂಬ ವೈರು ಹರಡಿಕೊಂಡು ನುಡಿಸಿದ. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿ, ಕೋಟು ಹಾಕಿಕೊಂಡು ಹೊರಟರು. ನನ್ನನ್ನು ಯಾರೂ 'ಯಾವೂರು' ಅಂತ ಕೇಳಲಿಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾ ನೋಡಲು ಹೋದರೂ ಪಕ್ಕದವರು ಜಾತಕ ಕೇಳುತ್ತಾರೆ, ಅಲ್ವಾ? ಇಲ್ಲಿಯವರು ಹಾಗಲ್ಲ. ಅದು ಬೇಸರವೂ ಅಲ್ಲ, ಕೊಬ್ಬೂ ಅಲ್ಲ. ನೀನು ಬರುತ್ತಲೇ ಇದ್ದರೆ ಒಂದು ದಿನ ತಾವಾಗಿಯೇ ತಲೆಯಾಡಿಸುತ್ತಾರೆ. ಆಮೇಲೆ ಮಾತು ಬರುತ್ತದೆ, ಗಂಟೆಗಟ್ಟಲೆ ಬರುತ್ತದೆ.

ಹೊಸ ಆಲ್ಬಮ್‌ಗಳಿಗೆ ಬ್ಯಾಂಡ್‌ಕ್ಯಾಂಪ್ ನೋಡು, ಮ್ಯೂಸಿಕ್ ಮಾಡುವವರು ತಾವೇ ನೇರವಾಗಿ ಮಾರುವ ವೆಬ್‌ಸೈಟ್ ಅದು. ಡಿಜಿಟಲ್ ಮಾರಾಟದಲ್ಲಿ ಅವರು ಹಿಡಿಯುವುದು 15%, ಹೆಚ್ಚಿನ ಪಾಲು ಮಾಡಿದವನಿಗೇ. 2020ರಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಅದನ್ನೂ ಬಿಡುತ್ತಾರೆ. ನಾನು ಕೊಳ್ಳುವುದು ಆ ಶುಕ್ರವಾರಗಳಲ್ಲೇ. ಕೈಯಲ್ಲಿ ಹಿಡಿಯಬೇಕು ಅಂದರೆ ಬೀಟ್ ಮಿ ಅನ್ನುವ ರೆಕಾರ್ಡ್ ಅಂಗಡಿ. ಕೇಳಲು ಐಡಾ ರಾಡಿಯೊ, 2018ರಿಂದ ಇಂಟರ್‌ನೆಟ್‌ನಲ್ಲೇ ನಡೆಯುವ ರೇಡಿಯೋ. ಪಾರಿಜ್ ಬುಲೆಟ್ ಅನ್ನುವ ಸಣ್ಣ ಲೇಬಲ್‌ನಿಂದ, ಅಂದರೆ ರೆಕಾರ್ಡ್ ಹೊರತರುವ ಕಂಪನಿಯಿಂದ, ಶುರು ಮಾಡು. 2024ರಲ್ಲಿ ಅಯುಕಯಾ ಮತ್ತು ಗಾಯಕ ಮಾರ್ಟ್ ಅವಿ ಜೊತೆಯಾಗಿ ಮಾಡಿದ 'ಡೆತ್ ಆಫ್ ಮ್ಯೂಸಿಕ್' ಆಲ್ಬಮ್ ಅಲ್ಲಿಂದಲೇ ಬಂತು. ಅಯುಕಯಾ ಅಂದರೆ ರೌಲ್ ಸಾರೆಮೆಟ್ಸ್, ಹಳೇ ಹುಲಿ, ಡಿಜೆ. ಇನ್ನೂ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಸ್ವೆನ್ ಗ್ರ್ಯೂನ್‌ಬರ್ಗ್ ಅವರ 'ಹಿಂಗುಸ್', 1981ರದು. ಸೋವಿಯತ್ ಕಾಲದಲ್ಲಿ ಸಿಂಥಸೈಸರ್ ಇಟ್ಟುಕೊಂಡು ಇಂಥದ್ದು ಮಾಡಿದರಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಆದರೆ ಮ್ಯೂಸಿಕ್‌ನಿಂದ ರೂಮ್ ಬಾಡಿಗೆ ಕಟ್ಟುತ್ತೇನೆ ಅಂದುಕೊಂಡು ಬರಬೇಡ. ಇಡೀ ದೇಶದ ಜನ ಸುಮಾರು 13.7 ಲಕ್ಷ. ಕೇಳುವವರು ಎಷ್ಟು ಇರಬಹುದು, ನೀನೇ ಲೆಕ್ಕ ಹಾಕು. ಕ್ಯಾಸೆಟ್ಟು, ರೆಕಾರ್ಡು ಸಣ್ಣ ಸಂಖ್ಯೆಯಲ್ಲಿ ಬರುತ್ತವೆ, ಬೇಗ ಖಾಲಿಯಾಗುತ್ತವೆ. ಇಷ್ಟವಾದರೆ ಅಲ್ಲೇ ತಗೋ.

ಇನ್ನೊಂದು ಹೆಸರು ಬೇರೆಯಾಗಿ ಹೇಳಬೇಕು. ಮಾರ್ಯಾ ನುಟ್. ಪಿಟೀಲು ನುಡಿಸುತ್ತಾರೆ, ಹಾಡುತ್ತಾರೆ, ದಿಲ್ಲಿಯಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತವರು. ಇಲ್ಲಿನ ಹಳೇ ಜನಪದ ಹಾಡಿಗೆ ರೆಗಿಲೌಲ್ ಅನ್ನುತ್ತಾರೆ. ಒಬ್ಬರು ಹೇಳುತ್ತಾರೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ, ಥೇಟ್ ನಮ್ಮ ಸೋಬಾನೆ. ಮಾರ್ಯಾ ಒಬ್ಬರೇ ಹಾಡಿದರೂ, ಹಾಡಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪ್ ಮೆಷಿನ್ನು ಅವರದೇ ದನಿಯಲ್ಲಿ ಸೊಲ್ಲು ಹಿಡಿಯುತ್ತದೆ. 2021ರ 'ಹಿಂಗೆಡ್' ಆಲ್ಬಮ್ ಹುಟ್ಟಿದ್ದು ಅಜ್ಜಿಯ ತೋಟದ ಮನೆ ಅವರ ಪಾಲಿಗೆ ಬಂದ ಮೇಲೆ. ಅದನ್ನು ನಾನು ಪೂರ್ತಿ ಒಂದೇ ಸಲಕ್ಕೆ ಕೇಳಲಾರೆ.

ಯಾಕೆ ಅಂದರೆ ನಮ್ಮಜ್ಜಿಯೂ ಸೋಬಾನೆ ಹೇಳುತ್ತಿದ್ದರು. ನಮ್ಮ ಬೀದಿಯ ಯಾವ ಮದುವೆಯೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಅವರ ದನಿ ಇರಬೇಕಾದದ್ದು ಅಕ್ಕನ ಮದುವೆ ವಿಡಿಯೋದಲ್ಲಿ ಮಾತ್ರ. ಅಜ್ಜಿ ತೀರಿಕೊಂಡ ಮೇಲೆ ಇಲ್ಲಿ ಕೂತು ಆ ಡಿವಿಡಿ ಹಾಕಿದೆ. ಅಜ್ಜಿ ಚಪ್ಪರದ ಕೆಳಗೆ ಕೂತಿದ್ದಾರೆ, ಬಾಯಿ ಆಡುತ್ತಿದೆ, ಸುತ್ತ ಹೆಂಗಸರು ಸೊಲ್ಲು ಹಿಡಿಯುತ್ತಿದ್ದಾರೆ. ಕೇಳಿಸುವುದು ಮಾತ್ರ ಸಿನಿಮಾ ಹಾಡು. ವಿಡಿಯೋದವರು ಒರಿಜಿನಲ್ ಸದ್ದು ಅಳಿಸಿ ಅದನ್ನು ತುಂಬಿದ್ದರು. ಮೂಲ ಟೇಪ್ ಇದೆಯಾ ಅಂತ ಅವರನ್ನು ಕೇಳಿಸಿದೆ. ಅದರ ಮೇಲೆ ಆಗಲೇ ಬೇರೆಯವರ ಮದುವೆ ಶೂಟ್ ಆಗಿತ್ತಂತೆ.

ಅದಕ್ಕೇ ಹೇಳುತ್ತೇನೆ, ಹೊರಡುವ ಮುಂಚೆ ಫೋನ್ ಹಿಡಿದು ಮನೆಯೆಲ್ಲ ಓಡಾಡು. ಅಜ್ಜಿ ಇದ್ದರೆ ಪಕ್ಕ ಕೂತು ಹಾಡಿಸು. ಹಿಂದೆ ಕೋಳಿ ಕೂಗಿದರೆ ಕೂಗಲಿ, ಫ್ಯಾನು ಮಾತ್ರ ಆಫ್ ಮಾಡು. ರುಬ್ಬುವ ಕಲ್ಲು, ಸುಗ್ಗಿ ಕುಣಿತದ ಡೋಲು, ಸಂತೆ ದಿನದ ಬಸ್ ಸ್ಟ್ಯಾಂಡು, ಏನು ಸಿಕ್ಕರೂ ಹಿಡಿದಿಡು. ವಾಟ್ಸ್ಯಾಪ್‌ನಲ್ಲಿ ಕಳಿಸಿಕೊಳ್ಳಬೇಡ, ಸದ್ದು ಹಾಳಾಗಬಹುದು. ಫೈಲನ್ನು ಹಾಗೇ ಎರಡು ಕಡೆ ಇಡು. ಟೆಕ್ನೋ ಥರದ ಎಲೆಕ್ಟ್ರಾನಿಕ್ ಮ್ಯೂಸಿಕ್ ಇಲ್ಲಿಯವರಿಗೆ ನೀನು ಕಲಿಸಬೇಕಾಗಿಲ್ಲ. ನಿಮ್ಮೂರಿನ ಡೋಲು ಹಾಕಿ ಒಂದು ಟ್ರ್ಯಾಕ್ ಮಾಡಿ ತೋರಿಸು, ಮಾತಾಡದವರೂ ಬಂದು ಇದೇನು ಅಂತ ಕೇಳುತ್ತಾರೆ.

ಮಂಜು ಕರಗುವ ಹೊತ್ತಿಗೆ ಟ್ಯಾಲಿನ್ ಮ್ಯೂಸಿಕ್ ವೀಕ್ ಬರುತ್ತದೆ, 2009ರಿಂದ ನಡೆಯುತ್ತಿದೆ. ಊರಿನ ತುಂಬ ಶೋಗಳು. ಒಟ್ಟಿಗೆ ಹೋಗೋಣ. ನಿನ್ನ ಪರೀಕ್ಷೆ ತಾರೀಕು ಗೊತ್ತಾದ ಮೇಲೆ ಹೇಳು, ಪಾಸ್ ಮೊದಲೇ ತೆಗೆದರೆ ಅಗ್ಗ.